ಎಂಟನೇ ಫಾರಂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಾವಣಗೆರೆಯ ಒಂದು ಪುಸ್ತಕದ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ ಪುಸ್ತಕ ಎಷ್ಟು ಎಂದು ಕೇಳಿದರೆ ಎರಡು ಕೈಯ ಬೆರಳು ಸಾಕು, ಅದರಲ್ಲೂ ಒಂದೆರಡು ಬೆರಳು ಮಿಗುತ್ತವೆ. ಅರ್ಧ ಓದಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. ನೆಂಟರು ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ "ನಿಂಗೇನಮ್ಮ ಗಿರಿಜಾ, ಕುಂತ್ಕಂಡು ಓದೋದೇ ಕೆಲ್ಸ" ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಮಿಠಾಯಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನಿಗೆ ದಿನವಿಡೀ ಮೈಸೂರುಪಾಕು ತಿನ್ನುವುದೇ ಕೆಲಸ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ಪುಸ್ತಕದ ವಿಷಯದಲ್ಲಿ ಮಾತ್ರ ಜನಕ್ಕೆ ಈ ಭ್ರಮೆ.

ನಮ್ಮ ಸಾಹುಕಾರರದ್ದು ಒಂದು ಕಟ್ಟಳೆ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಾವ ಪುಸ್ತಕ ಬೇಕಾದರೂ ತೆಗೆದು ಓದಬಹುದು, ಆದರೆ ನಾಲ್ಕು ಬೆರಳಿಗಿಂತ ಹೆಚ್ಚು ಅಗಲಿಸಬಾರದು. ಬೆನ್ನು ಮುರಿದ ಪುಸ್ತಕವನ್ನು ಕಂಡರೆ ಗಿರಾಕಿ ಮೂಸಿ ನೋಡಿ ಕೆಳಗಿಡುತ್ತಾನೆ ಎಂದು ಅವರ ವಾದ. ಹಾಗಾಗಿ ನಾನು ಪಕ್ಕದ ಮನೆಯ ಜಗಳವನ್ನು ಬಾಗಿಲ ಸಂದಿಯಿಂದ ನೋಡುವವಳ ಹಾಗೆ ಕತ್ತು ಓರೆ ಮಾಡಿಕೊಂಡು ಕಾದಂಬರಿ ಓದುತ್ತೇನೆ. ಹೀಗೆ ಓದಿದಾಗ ಪುಟದ ಒಳ ಅಂಚಿನ ಎರಡು ಮೂರು ಅಕ್ಷರ ಕಾಣುವುದಿಲ್ಲ, ಅವನ್ನು ನಾನೇ ತುಂಬಿಕೊಳ್ಳಬೇಕು. ಎಷ್ಟೋ ಪುಸ್ತಕಗಳಲ್ಲಿ ಸಾಲಿಗೆ ಎರಡಕ್ಷರದ ಹಾಗೆ ನನ್ನ ಪಾಲೂ ಇದೆ ಎನ್ನಬೇಕು.

ಇದನ್ನಾದರೂ ಸಹಿಸಬಹುದಿತ್ತು. ನಿಜವಾದ ತೊಂದರೆ ನನ್ನ ಬಾಯಿಯದು. ಗಿರಾಕಿ ಬಂದು "ಒಳ್ಳೇದು ಯಾವ್ದೈತೆ?" ಎಂದು ಕೇಳಿದರೆ ಆ ಹೊತ್ತಿಗೆ ನನ್ನ ಮನಸ್ಸೆಲ್ಲ ತುಂಬಿಕೊಂಡಿರುವುದು ನಾನು ಓದುತ್ತಿರುವ ಪುಸ್ತಕವೇ. ಅದನ್ನೇ ಹೊಗಳುತ್ತೇನೆ. ಹೊಗಳಿಕೆ ಒಳಗಿನಿಂದ ಬಂದದ್ದು, ಗಿರಾಕಿ ಕರಗುತ್ತಾನೆ, ಪುಸ್ತಕ ಚೀಲ ಸೇರುತ್ತದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಹೀಗೆ ನನ್ನ ತಲೆಯೊಳಗೆ ಒಬ್ಬ ನಾಯಕಿ ವರ್ಷಗಟ್ಟಲೆಯಿಂದ ರೈಲಿನಲ್ಲೇ ಕೂತಿದ್ದಾಳೆ, ಒಬ್ಬ ಕೊಲೆಗಾರ ಇನ್ನೂ ಸಿಕ್ಕಿಲ್ಲ, ಒಂದು ಮದುವೆಯ ಮಾತುಕತೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಹಾಗೇ ನಿಂತಿದೆ.

ಗಿರಾಕಿಗಳ ವಿಷಯ ಹೇಳಲೇಬೇಕು. ನಮ್ಮಲ್ಲಿಗೆ ಬರುವ ಹತ್ತು ಜನರಲ್ಲಿ ಆರು ಜನ ಕೇಳುವುದು ಏನೂ ಬರೆಯದ ಪುಸ್ತಕವನ್ನು. ಇನ್ನೂರು ಪುಟದ ಗೆರೆ ಹಾಕಿದ್ದು ಕೊಡಿ ಎನ್ನುತ್ತಾರೆ. ಬರೆದು ತುಂಬಿಸಿದ್ದೂ ಇದೆ ಎಂದರೆ, ಅದನ್ನು ತಗೊಂಡು ಏನು ಮಾಡಬೇಕು ಎಂಬಂತೆ ನೋಡುತ್ತಾರೆ. ಎಂ.ಸಿ.ಸಿ. ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸಿದ ಒಬ್ಬರು ಟೇಪು ಹಿಡಿದುಕೊಂಡೇ ಬಂದಿದ್ದರು. ಟಿವಿ ಪಕ್ಕದ ಗೂಡಿಗೆ ಮೂರಡಿ ಪುಸ್ತಕ ಬೇಕಿತ್ತಂತೆ, ನೀಲಿ ಬಣ್ಣದ್ದು. ಎರಡೂ ಮುಕ್ಕಾಲು ಅಡಿ ಹೊಂದಿಸಿಕೊಟ್ಟೆ. ಉಳಿದ ಕಾಲು ಅಡಿಗೆ ಒಂದು ಗಣಪತಿ ಇಟ್ಟುಕೊಳ್ಳುತ್ತೇನೆ ಎಂದು ಸಮಾಧಾನದಿಂದ ಹೋದರು. ಸರಸ್ವತಿ ನಗರದ ಒಬ್ಬ ಹೆಂಗಸು ಕಾದಂಬರಿ ಕೊಳ್ಳುವ ಮುಂಚೆ ಕೊನೆಯಲ್ಲಿ ಯಾರೂ ಸಾಯುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಳ್ಳುತ್ತಾರೆ. ಕೊನೆಯನ್ನೇ ಓದದ ನಾನು ಧೈರ್ಯವಾಗಿ ಮಾತು ಕೊಡುತ್ತೇನೆ. ಮೂರು ಸಲ ಬೈಸಿಕೊಂಡಿದ್ದೇನೆ.

ಇಂಥ ಅಂಗಡಿಗೆ ಹರಿಹರದಿಂದ ಬಸ್ಸು ಹಿಡಿದು ಬರುತ್ತಿದ್ದವರು ರೇವಣಸಿದ್ದಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಪುಸ್ತಕವನ್ನು ಪುಸ್ತಕ ಎಂದೇ ಕೊಳ್ಳುವ ಒಬ್ಬರೇ ಒಬ್ಬ ಗಿರಾಕಿ ಎಂದು ನನಗೆ ಅವರ ಮೇಲೆ ಪ್ರೀತಿ. ಪಾಪ, ನಿವೃತ್ತಿಯಾದ ಮೇಲೆ ಅವರ ಮಾತು ಕೇಳುವವರು ಯಾರೂ ಇರಲಿಲ್ಲ. ಆರು ವರ್ಷದಲ್ಲಿ ಒಂದು ವೇದಿಕೆಗೂ ಯಾರೂ ಕರೆದಿರಲಿಲ್ಲ. ಒಂದು ದಿನ ಬಂದು ಒಳ್ಳೆಯದೇನಿದೆ ಎಂದು ಕೇಳಿದರು. ನಾನು ಆಗ ಒಂದು ಕಾದಂಬರಿಯ ತೊಂಬತ್ತಾರನೇ ಪುಟದಲ್ಲಿದ್ದೆ. ಅದರ ಹೆಸರು ಹೇಳುವುದಿಲ್ಲ, ಬರೆದವರದ್ದು ಇದರಲ್ಲಿ ಏನೂ ತಪ್ಪಿಲ್ಲ. ಸುಮಿತ್ರೆ ಎಂಬ ಹೆಂಗಸನ್ನು ಬಿಟ್ಟುಹೋದ ಗಂಡ ಆರು ವರ್ಷದ ಮೇಲೆ ತಿರುಗಿ ಬರುವ ಕಥೆ. ಅವನಿನ್ನೂ ಊರ ಬಾಗಿಲಲ್ಲಿದ್ದಾಗ ಪುಸ್ತಕವನ್ನು ಮೇಷ್ಟ್ರ ಕೈಗಿಟ್ಟು ನಿಟ್ಟುಸಿರು ಬಿಟ್ಟೆ.

ಹದಿನೈದು ದಿನಕ್ಕೆ ಮೇಷ್ಟ್ರಿಂದ ವಾಟ್ಸಾಪಿನಲ್ಲಿ ಹನ್ನೆರಡು ನಿಮಿಷದ ಧ್ವನಿ ಸಂದೇಶ ಬಂತು. ಇಂಥ ಕಾದಂಬರಿಯನ್ನು ತಾವು ಜನ್ಮದಲ್ಲಿ ಓದಿಲ್ಲವೆಂದೂ, ಅದರಲ್ಲೂ ನಡುವೆ ಬರುವ ಎಮ್ಮೆಯ ಭಾಗ ಎದೆ ಹಿಂಡಿತೆಂದೂ ಹೇಳುತ್ತಿದ್ದರು. ತೊಂಬತ್ತಾರು ಪುಟದಲ್ಲಿ ನಾನು ಎಮ್ಮೆಯ ಬಾಲವನ್ನೂ ಕಂಡಿರಲಿಲ್ಲ. ಮುಂದೆ ಬರುತ್ತದೇನೋ ಎಂದುಕೊಂಡು "ಹೌದು ಸರ್, ಅದ್ಭುತ" ಎಂದು ಉತ್ತರ ಕಳಿಸಿದೆ. ಅರ್ಧ ಓದಿದವರಿಗೆ ಹೂಂಗುಟ್ಟುವುದು ರೂಢಿಯಾಗಿಬಿಟ್ಟಿರುತ್ತದೆ.

ಮೇಷ್ಟ್ರ ಉತ್ಸಾಹಕ್ಕೆ ಹರಿಹರದ ಓದುಗರ ಕೂಟವೂ ಕರಗಿತು. ಕೂಟದವರು ಅದೇ ಕಾದಂಬರಿಯ ಹದಿನಾರು ಪ್ರತಿ ತರಿಸಿಕೊಂಡರು, ಆ ತಿಂಗಳ ಕೊನೆಯ ಭಾನುವಾರ ಮೇಷ್ಟ್ರದ್ದೇ ಭಾಷಣ ಎಂದು ಗೊತ್ತು ಮಾಡಿದರು. ಅಂಗಡಿಯಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ.

ಭಾಷಣಕ್ಕೆ ಐದು ದಿನ ಇದೆ ಎನ್ನುವಾಗ ಅಂಗಡಿಗೆ ಭಾನುವಳ್ಳಿಯ ಹಾಲಮ್ಮ ಬಂದರು. ಐವತ್ತೈದರ ಹೆಂಗಸು, ಏಳನೇ ಕ್ಲಾಸಿನವರೆಗೆ ಓದಿದ್ದಾರೆ, ಎರಡು ಎಮ್ಮೆ ಕಟ್ಟಿ ಹಾಲು ಹಾಕುತ್ತಾರೆ. ಹಿಂದಿನ ತಿಂಗಳು ನಮ್ಮಲ್ಲಿಂದ ಎಮ್ಮೆ ಸಾಕಾಣಿಕೆಯ ಪುಸ್ತಕ ಕೊಂಡಿದ್ದರು. ಅದನ್ನೇ ಸೆರಗಿನೊಳಗಿಂದ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ ತಂಗಿ, ನಮ್ಮೆಮ್ಮೆಗೆ ಕೆಚ್ಚಲು ಬಾತೈತೆ. ಏನ್ ಮಾಡ್ಬೇಕು ಅಂತ ಇದನ್ನ ತೆಗೆದ್ರೆ, ಯಾರೋ ಹೆಣ್ಮಗಳು ಗಂಡಗೆ ಅನ್ನ ಇಕ್ತಾ ಕುಂತಾಳೆ."

ತೆಗೆದು ನೋಡಿದೆ. ನೂರಹನ್ನೆರಡನೇ ಪುಟದ ಕೊನೆಯ ಸಾಲು, "ಕೆಚ್ಚಲು ಬಾವು ಕಂಡ ಕೂಡಲೇ ಮೊದಲು ಮಾಡಬೇಕಾದದ್ದು". ನೂರಹದಿಮೂರನೇ ಪುಟದ ಮೊದಲ ಸಾಲು, "'ಕೂತುಕೋ' ಎಂದು ಸುಮಿತ್ರೆ ಮಣೆ ಹಾಕಿದಳು."

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಪುಸ್ತಕವನ್ನು ಪುಟ ಪುಟವಾಗಿ ಅಚ್ಚು ಹಾಕುವುದಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚು ಮಾಡಿ ಮಡಚುತ್ತಾರೆ. ಆ ಮಡಿಕೆಗೆ ಫಾರಂ ಎನ್ನುತ್ತಾರೆ. ಬೈಂಡಿಂಗ್ ಮಾಡುವವರು ಒಂದು, ಎರಡು, ಮೂರು ಎಂದು ಫಾರಂಗಳನ್ನು ಜೋಡಿಸಿ ಹೊಲಿಯುತ್ತಾರೆ. ಅವರು ನೋಡುವುದು ಅಂಕಿಯನ್ನು, ಕಥೆಯನ್ನಲ್ಲ. ಆ ಕಾದಂಬರಿ, ಈ ಎಮ್ಮೆ ಪುಸ್ತಕ ಎರಡೂ ಒಂದೇ ಅಚ್ಚುಮನೆಯವು, ಒಂದೇ ಅಳತೆಯವು. ನೂರಹದಿಮೂರರಿಂದ ನೂರಿಪ್ಪತ್ತೆಂಟರವರೆಗಿನ ಎಂಟನೇ ಫಾರಂ, ಬೈಂಡಿಂಗ್ ಮೇಜಿನ ಮೇಲೆ ಅತ್ತಲದು ಇತ್ತ, ಇತ್ತಲದು ಅತ್ತ ಆಗಿತ್ತು. ಪುಟದ ಅಂಕಿ ಮಾತ್ರ ಒಂದೂ ತಪ್ಪದೆ ಸಾಲಾಗಿತ್ತು. ಮನುಷ್ಯರನ್ನೂ ಅಂಕಿ ನೋಡಿಯೇ ಜೋಡಿಸುವ ಕಾಲ, ಪುಸ್ತಕದ್ದೇನು ದೊಡ್ಡದು.

ತಪ್ಪಾಯಿತು, ಸರಿಯಾದ ಪುಸ್ತಕ ತರಿಸಿಕೊಡುತ್ತೇನೆ, ಎಂಟು ದಿನವಾಗುತ್ತದೆ ಎಂದೆ. ಹಾಲಮ್ಮ ಪುಸ್ತಕವನ್ನು ಹಿಂದಕ್ಕೆಳೆದುಕೊಂಡರು. ಎಮ್ಮೆಗೆ ಡಾಕ್ಟರು ಬಂದು ಸೂಜಿ ಹಾಕಿ ಹೋಗಿದ್ದಾರಂತೆ. ಹಾಲಮ್ಮ ಅಂಗಡಿಗೆ ಬಂದದ್ದು ಬೇರೆಯದಕ್ಕೆ.

"ಬದಲಾಯ್ಸೋದು ಬ್ಯಾಡ. ಈ ಹೆಣ್ಮಗಳು ಊಟಕ್ಕಿಕ್ಕಿ ಕೊನಿಗೆ ಒಂದು ಮಾತು ಅಂತಾಳೆ. ಅದಕ್ಕೆ ಅವ್ನು ಏನಂದ ಅಂತ ನೋಡಾಣ ಅಂದ್ರೆ, ಮುಂದಿನ ಪುಟದಾಗೆ ಕೂಡ್ಲೆ ಪಶುವೈದ್ಯರನ್ನ ಕರೆಸಿ ಅಂತ ಐತೆ. ನಾಲ್ಕು ದಿನ ಆತು, ನಂಗೆ ನಿದ್ದಿಲ್ಲ. ಅವ್ನು ಏನಂದ, ಹೇಳು."

ನನಗೇನು ಗೊತ್ತು, ನಾನು ತೊಂಬತ್ತಾರನೇ ಪುಟದವಳು. ಇರಲಿ ಎಂದು ದೊಡ್ಡ ಉಪಕಾರ ಮಾಡುವವಳ ಹಾಗೆ, ಬರುವ ಭಾನುವಾರ ಹರಿಹರದಲ್ಲಿ ಇದೇ ಪುಸ್ತಕದ ಮೇಲೆ ಒಬ್ಬರು ಮಾತಾಡುತ್ತಾರೆ, ನಿಮ್ಮೂರಿನಿಂದ ಬಸ್ಸು ಇದ್ದೇ ಇದೆ, ಬಂದರೆ ಪೂರ್ತಿ ಕಥೆ ಕೇಳಬಹುದು ಎಂದೆ. ಆಗಲಿ ಎಂದು ಹಾಲಮ್ಮ ಹೊರಟರು. ಅವರು ಬೀದಿ ದಾಟುವಷ್ಟರಲ್ಲಿ ನನ್ನ ತಲೆಯೊಳಗೆ ಎಮ್ಮೆ ಎದ್ದು ನಿಂತಿತು. ಸುಮಿತ್ರೆ ಹಾಲಮ್ಮನ ಪುಸ್ತಕದಲ್ಲಿದ್ದಾಳೆ ಎಂದರೆ ಹಾಲಮ್ಮನ ಎಮ್ಮೆ ಎಲ್ಲಿದೆ? ಮೇಷ್ಟ್ರ ಎದೆ ಹಿಂಡಿದ್ದು ಅದೇ. ಅಯ್ಯೋ ದೇವರೆ ಎಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆರು ವರ್ಷದ ಮೇಲೆ ಸಿಕ್ಕಿದ ಭಾಷಣ, ಅದನ್ನು ಕಟ್ಟಿರುವುದು ಬೈಂಡಿಂಗ್ ತಪ್ಪಿನ ಮೇಲೆ, ಆ ಪುಸ್ತಕ ಕೊಟ್ಟವಳು ನಾನು. ಸಾಲದ್ದಕ್ಕೆ ಸಾಕ್ಷಿಯನ್ನೂ ನಾನೇ ಬಸ್ಸು ಹತ್ತಿಸಿದ್ದೇನೆ.

ಹೇಳಿಬಿಡಬೇಕು ಎಂದು ಅವತ್ತೇ ಮೇಷ್ಟ್ರಿಗೆ ಫೋನು ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ, ಸರಿಯಾದ ಹೊತ್ತಿಗೆ ಮಾಡಿದಿರಿ ಎಂದು ಭಾಷಣವನ್ನೇ ಓದತೊಡಗಿದರು. ಅವರ ಪ್ರತಿಯಲ್ಲಿ ಸುಮಿತ್ರೆ ಬಾಗಿಲು ಹಿಡಿದು ನಿಂತು, ಆರು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡುತ್ತಾಳೆ: "ಹಾಲನ್ನು ಪೂರ್ತಿ ಕರೆದು ಚೆಲ್ಲಬೇಕು. ಒಂದು ತೊಟ್ಟೂ ಒಳಗೆ ಉಳಿಯಬಾರದು." ಇದಕ್ಕಿಂತ ದೊಡ್ಡ ಮಾತನ್ನು ಬಿಟ್ಟುಹೋದ ಗಂಡನಿಗೆ ಯಾವ ಹೆಂಡತಿಯಾದರೂ ಹೇಳಬಲ್ಲಳೇ ಎಂದು ಮೇಷ್ಟ್ರು ಆ ಸಾಲನ್ನು ಇನ್ನೊಮ್ಮೆ ಓದಿದರು. ನಿಜ ಹೇಳುತ್ತೇನೆ, ನನಗೂ ಕಣ್ಣು ಒದ್ದೆಯಾಯಿತು. ಹದಿನಾರು ಪುಟ ಹೀಗೇ ಹಿಂಡಿ, ಬೂಸ, ಸಗಣಿಯ ಬಣ್ಣ ಎಂದು ಹೋಗಿ, "ಇಷ್ಟೆಲ್ಲ ಮಾಡಿದ ಮೇಲೂ ಮೇವು ಮುಟ್ಟದಿದ್ದರೆ" ಎಂಬಲ್ಲಿಗೆ ನಿಲ್ಲುತ್ತದೆ. ಮುಂದಿನ ಪುಟದಲ್ಲಿ ಕಾದಂಬರಿ: "ಅವನು ಚಪ್ಪಲಿ ಮೆಟ್ಟಿಕೊಂಡ. ತಿರುಗಿ ನೋಡಲಿಲ್ಲ." ಬರೆದವರೇ ಕೂತು ಹೊಂದಿಸಿದ್ದರೂ ಇಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ. ಇಪ್ಪತ್ತೈದು ನಿಮಿಷ ಕೇಳಿ, ಚೆನ್ನಾಗಿದೆ ಸರ್ ಎಂದು ಫೋನು ಇಟ್ಟೆ.

ಮಾತಿನಲ್ಲಿ ಆಗುವುದಿಲ್ಲ, ಬರೆದು ಕಳಿಸೋಣ ಎಂದು ಮಾರನೆಯ ದಿನ ಸಂದೇಶ ಹಾಕಿದೆ: "ಸರ್, ನಿಮ್ಮ ಪ್ರತಿಯಲ್ಲಿ ನಡುವಿನ ಹದಿನಾರು ಪುಟ ಬೇರೆ ಪುಸ್ತಕದ್ದು." ಕೈಮುಗಿದ ಚಿತ್ರದ ಜೊತೆ ಉತ್ತರ ಬಂತು: "ನಿಜ. ಅದು ಬೇರೆಯದೇ ಪುಸ್ತಕ. ಬೇರೆಯದೇ ಲೋಕ."

ಭಾನುವಾರ ಹೇಗಾದರೂ ಮುಖ ನೋಡಿ ಹೇಳಿಬಿಡುತ್ತೇನೆ ಎಂದು ಒಂದು ಗಂಟೆ ಮುಂಚೆಯೇ ಹರಿಹರ ತಲುಪಿದೆ. ಕೂಟ ಸೇರುವುದು ಒಂದು ಕಬ್ಬಿಣದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೇಷ್ಟ್ರು ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿ, ಇಪ್ಪತ್ತೆರಡು ಹಾಳೆಯ ಭಾಷಣವನ್ನು ಎದೆಗವಚಿಕೊಂಡು ನಿಂತಿದ್ದರು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ಒಂದು ತಿಂಗಳಿಂದ ಇವರು ಮಂಡಿ ನೋವು ಅಂತ ಒಂದು ಸಲವೂ ಅಂದಿಲ್ಲ, ನಿಮ್ಮ ಪುಸ್ತಕದಿಂದ ಪುಣ್ಯ ಬಂತು ಎಂದರು. ಇನ್ನು ಯಾವ ಬಾಯಲ್ಲಿ ಹೇಳಲಿ? ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಹಾಲಮ್ಮ ಎಮ್ಮೆ ಪುಸ್ತಕ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು.

ಮುಂದಿನ ಸಾಲುಗಳಲ್ಲಿ ಕೂಟದ ಸದಸ್ಯರು, ಕೈಯಲ್ಲಿ ಸರಿಯಾದ ಪ್ರತಿಗಳು. ಅದಲುಬದಲಾದದ್ದು ಒಂದೇ ಜೋಡಿ ಎಂದು ಅಚ್ಚುಮನೆಯವರು ಹೇಳಿದ್ದರು. ಆ ಹದಿನಾರು ಪ್ರತಿಯಲ್ಲಿ ಎಮ್ಮೆ ಹೋಗಲಿ, ಒಂದು ಆಡೂ ಇಲ್ಲ. ಯಾರಾದರೂ ಈಗ ಏಳುತ್ತಾರೆ, ಈಗ ನಗುತ್ತಾರೆ ಎಂದು ಉಗುರು ಕಚ್ಚಿಕೊಂಡು ಕಾದೆ. ಮೇಷ್ಟ್ರು ಎಮ್ಮೆಯನ್ನು ಎಬ್ಬಿಸಿ, ಮೈ ತೊಳೆದು, ಸಭೆಯ ತುಂಬ ಓಡಾಡಿಸಿದರು. ಒಬ್ಬರೂ ಮಿಸುಕಲಿಲ್ಲ. ಎಲ್ಲರೂ ತಲೆಯಾಡಿಸುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೇವೆ, ಇಲ್ಲಿ ಕಿನ್ನರಿಗಳ ಮುಂದೆ ಎಮ್ಮೆಯನ್ನೇ ನಿಲ್ಲಿಸಿದ್ದರೂ ಕಿನ್ನರಿಗಳಿಗೆ ಗೊತ್ತಾಗಲಿಲ್ಲ. ಈ ಊರಿನ ದೇವರೇ ಅರ್ಧ ಹರಿ, ಅರ್ಧ ಹರ. ಎರಡು ಅರ್ಧ ಕೂಡಿದ್ದನ್ನು ತಪ್ಪು ಎನ್ನುವ ಅಭ್ಯಾಸ ಇಲ್ಲಿನವರಿಗೆ ಇಲ್ಲವೇನೋ ಎಂದೂ ಅನ್ನಿಸಿತು. ಮೇಷ್ಟ್ರು ಕೆಚ್ಚಲು ಬಾವಿನ ಭಾಗವನ್ನು ನಿಧಾನವಾಗಿ, ಉಸಿರು ಹಿಡಿದು ಓದಿದಾಗ ಇಡೀ ಸಭೆಯಲ್ಲಿ ಪೆನ್ನು ತೆಗೆದು ಬರೆದುಕೊಂಡವರು ಹಾಲಮ್ಮ ಒಬ್ಬರೇ. ಮೇಷ್ಟ್ರಿಗೆ ಅದು ಕಂಡಿತು. ಆಮೇಲೆ ಅವರು ಮಾತಾಡಿದ್ದೆಲ್ಲ ಹಾಲಮ್ಮನ ಕಡೆಗೇ.

ಭಾಷಣ ಮುಗಿದ ಮೇಲೆ ಕೂಟದ ಅಧ್ಯಕ್ಷರು ಎದ್ದರು. ಅವರ ಕಂಕುಳಲ್ಲಿದ್ದ ಪ್ರತಿಯ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಎಮ್ಮೆಯ ಭಾಗ ತಮ್ಮನ್ನೂ ಬಹಳ ಕಾಡಿತು, ಮೊನ್ನೆ ರಾತ್ರಿ ಅದನ್ನೇ ಎರಡು ಸಲ ಓದಿದೆ ಎಂದರು. ನಂತರ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು.

ಹಾಲಮ್ಮ ಎದ್ದು ನಿಂತರು. ನಾನು ಸೆರಗು ಹಿಡಿದು ಎಳೆದೆ, ಬಿಡಿಸಿಕೊಂಡರು.

"ಎಮ್ಮೆ ವಿಷ್ಯ ನೀವು ಹೇಳಿದ್ದೆಲ್ಲ ಖರೇವು ಅದಾವ್ರಿ ಮೇಷ್ಟ್ರೆ, ಬರ್ಕಂಡೀನಿ. ಆದ್ರೆ ಆ ಹೆಣ್ಮಗಳು ಹಂಗ ಅನ್ನಲಿಲ್ರಿ."

ಸಭೆ ತಿರುಗಿ ನೋಡಿತು. ಮತ್ತೇನಂದಳು ಎಂದು ಮೇಷ್ಟ್ರು ಕೇಳಿದರು. ಹಾಲಮ್ಮ ಅವಸರ ಮಾಡದೆ ಹೇಳುತ್ತಾ ಹೋದರು. ಸುಮಿತ್ರೆ ಮಣೆ ಹಾಕಿದ್ದು, ರೊಟ್ಟಿ ಸುಟ್ಟದ್ದು, ಅವನಿಗೆ ಇಷ್ಟ ಎಂದು ಶೇಂಗಾ ಚಟ್ನಿ ಅರೆದದ್ದು, ಅವನು ಉಣ್ಣುವಾಗ ಆರು ವರ್ಷದ ಸುದ್ದಿಯನ್ನು ಒಂದು ಹನಿ ಕಣ್ಣೀರಿಲ್ಲದೆ ಹೇಳಿದ್ದು, ಕೈ ತೊಳೆಯಲು ನೀರು ಕೊಟ್ಟದ್ದು. ಪುಸ್ತಕ ತೆಗೆಯಲಿಲ್ಲ, ಪಕ್ಕದ ಮನೆಯಲ್ಲಿ ಕಂಡದ್ದನ್ನು ಹೇಳುವ ಹಾಗೆ ಹೇಳಿದರು.

"ಬಾಗ್ಲತಂಕ ಬಂದ್ಲು. ಬಂದು 'ಹೋಗು' ಅಂದ್ಲು. 'ಹೋಗಿ ಬಾ' ಅನ್ನಲಿಲ್ಲ."

ಶತ್ರುವಾದರೂ ಮನೆಯಿಂದ ಹೊರಟವನಿಗೆ ಹೋಗಿ ಬಾ ಎನ್ನುವ ಸೀಮೆ ನಮ್ಮದು. ಒಂದಕ್ಷರ ಬಿಟ್ಟದ್ದರಲ್ಲಿ ಎಷ್ಟಿತ್ತು ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಾಯಿತು. ಮೇಷ್ಟ್ರ ಹೆಂಡತಿ ಕನ್ನಡಕ ತೆಗೆದು ಒರೆಸಿಕೊಂಡರು. ಹಾಲಮ್ಮ ಮಾತ್ರ ಇನ್ನೂ ನಿಂತೇ ಇದ್ದರು. ಅವರ ಪ್ರಶ್ನೆ ಉಳಿದಿತ್ತು, ಆಮೇಲೆ ಅವನು ಏನಂದ ಎಂದು ಕೇಳಿದರು. ಏನೂ ಅನ್ನಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದ ಎಂದರು ಮೇಷ್ಟ್ರು ಮೆಲ್ಲಗೆ. ಹಾಗಾದರೆ ಅವನಿಗೆ ಅರ್ಥ ಆಗಿದೆ ಎಂದು ಹಾಲಮ್ಮ ಕೂತರು.

ಮೇಷ್ಟ್ರು ವೇದಿಕೆ ಇಳಿದು ಬಂದು ಹಾಲಮ್ಮನ ಪುಸ್ತಕ ಇಸಕೊಂಡರು. ನೂರಹದಿಮೂರನೇ ಪುಟ ತೆಗೆದರು, ರಟ್ಟು ತಿರುಗಿಸಿ ಹೆಸರು ನೋಡಿದರು, ಮತ್ತೆ ಪುಟ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ತಿರುಗಿ ವೇದಿಕೆ ಹತ್ತಿ, ತಾವು ಓದಿದ್ದು ಎಮ್ಮೆ ಸಾಕುವ ಪುಸ್ತಕವೆಂದೂ, ಈವರೆಗೆ ಹೇಳಿದ್ದೆಲ್ಲ ಬೈಂಡಿಂಗ್ ತಪ್ಪೆಂದೂ, ಕ್ಷಮಿಸಬೇಕೆಂದೂ ಕೈಮುಗಿದು ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ವಂದಿಸುತ್ತಾ, ಬದುಕನ್ನೇ ಒಂದು ಬೈಂಡಿಂಗ್ ತಪ್ಪು ಎಂದು ಮೇಷ್ಟ್ರು ಕರೆದದ್ದು ತಮ್ಮ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ ಎಂದರು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ನನ್ನನ್ನು ನಿಲ್ಲಿಸಿ, ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದರು. ಐದು ದಿನದಿಂದ ಗೊತ್ತಿತ್ತು ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನೀವು ಅಷ್ಟು ಖುಷಿಯಲ್ಲಿದ್ದಿರಿ, ಬಾಯಿ ಬರಲಿಲ್ಲ ಎಂದೆ.

"ಸಿಟ್ಟು ಬಂದೈತೆ ನಂಗೆ" ಎಂದರು. ಒಂದು ಮೆಟ್ಟಿಲು ಇಳಿದು ಮತ್ತೆ ನಿಂತರು. "ಮೂವತ್ನಾಲ್ಕು ವರ್ಷ ಪಾಠ ಮಾಡೀನಿ ಗಿರಿಜಮ್ನೋರೆ. ನಾನು ಹೇಳಿದ್ದನ್ನೆಲ್ಲ ಹುಡುಗ್ರು ಬರ್ಕಂತಿದ್ರು. ಒಬ್ಬರೂ ಒಂದ್ ದಿನಾನೂ ಎದ್ದು ನಿಂತು, ಅದು ಹಂಗಲ್ರಿ ಸಾರ್ ಅಂದಿರ್ಲಿಲ್ಲ."

ಅಷ್ಟು ಹೇಳಿ ಇಳಿದು ಹೋದರು. ಸಿಟ್ಟೋ, ಇನ್ನೊಂದೋ, ನನಗೆ ತಿಳಿಯಲಿಲ್ಲ.

ವಾರದ ಮೇಲೆ ಎಮ್ಮೆಯ ಬಾವು ಇಳಿಯಿತು ಎಂದು ಹಾಲಮ್ಮ ಸುದ್ದಿ ಕಳಿಸಿದರು. ಡಾಕ್ಟರ ಸೂಜಿಗೆ ಸಲ್ಲಬೇಕಾದ ಕೀರ್ತಿಯಲ್ಲಿ ಅರ್ಧವನ್ನು ಅವರು ಮೇಷ್ಟ್ರ ಭಾಷಣಕ್ಕೆ ಕೊಟ್ಟಿದ್ದಾರೆ. ಸಾಹಿತ್ಯ ವಿಮರ್ಶೆಯಿಂದ ಒಂದು ಜೀವಕ್ಕೆ ಗುಣವಾದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅದೇ ದಿನ ಮೇಷ್ಟ್ರೂ ಅಂಗಡಿಗೆ ಫೋನು ಮಾಡಿದರು. ಸಿಟ್ಟಿನ ಸುಳಿವಿರಲಿಲ್ಲ. ಕೂಟದ ಮುಂದಿನ ತಿಂಗಳ ಪುಸ್ತಕ ಯಾವುದೆಂದು ತಿಳಿಸಿ, ಭಾನುವಳ್ಳಿಯ ಹಾಲಮ್ಮನಿಗೂ ಒಂದು ಪ್ರತಿ ಕಳಿಸಿ, ಒಂದೊಂದು ಪುಟವೂ ಸರಿ ಇರುವುದನ್ನೇ ನೋಡಿ ಕಳಿಸಿ ಎಂದರು. ನಿಮ್ಮದನ್ನೂ ಹಾಗೇ ನೋಡಿ ಕೊಡುತ್ತೇನೆ ಸರ್ ಎಂದೆ.

"ನಂದು ಹೆಂಗಿದ್ರೂ ನಡೀತೈತೆ ಬಿಡ್ರಿ" ಎಂದರು ಮೇಷ್ಟ್ರು. "ತಪ್ಪಿದ್ರೆ ಆಯಮ್ಮ ಹೇಳ್ತಾಳೆ."